ಹಿಂದಿರುಗದ ಡಬ್ಬಿ

ಕೊಟ್ಟ ವಸ್ತು ಹಿಂದಕ್ಕೆ ಬಾರದಿರುವುದು ಲೋಕದಲ್ಲಿ ಹೊಸ ಸಂಗತಿಯೇನೂ ಅಲ್ಲ. ಪುಸ್ತಕ, ಕೊಡೆ, ಕೈಗಡ ಈ ಮೂರೂ ಒಮ್ಮೆ ನಮ್ಮ ಹೊಸ್ತಿಲನ್ನು ದಾಟಿದ ಮೇಲೆ ಮರಳಿ ಬರುವುದು ಪುಣ್ಯವಂತರಿಗೆ ಮಾತ್ರ. ಆದರೆ ಅವುಗಳನ್ನು ಕೊಂಡುಹೋದವನಿಗೆ ಅವುಗಳಿಂದ ಸ್ವಲ್ಪ ಸುಖವಾದರೂ ಉಂಟು. ಪುಸ್ತಕವನ್ನು ಓದದಿದ್ದರೂ ಕಪಾಟಿನಲ್ಲಿಟ್ಟು ನೋಡಿ ಸಂತೋಷಪಡಬಹುದು. ನಾನು ಈಗ ಹೇಳಹೊರಟಿರುವ ವಸ್ತುವಿನ ಸ್ವಭಾವವೇ ಬೇರೆ. ಅದನ್ನು ಕೊಟ್ಟವರಿಗೆ ಅದರಿಂದ ಸ್ವಂತ ಲಾಭವಿಲ್ಲ. ತೆಗೆದುಕೊಂಡವನಿಗಾದರೋ ಇಟ್ಟುಕೊಂಡರೆ ನಷ್ಟ, ಹಿಂದಿರುಗಿಸಿದರೆ ಲಾಭ. ಹಾಗಿದ್ದರೂ ಅದು ಹಿಂದಿರುಗುವುದಿಲ್ಲ. ಅದು ಬೇರೆ ಯಾವುದೂ ಅಲ್ಲ, ಪರೀಕ್ಷೆಗೆ ಬೇಕಾದುದನ್ನು ಮನೆಯಲ್ಲಿಯೇ ತುಂಬಿ ತರುವುದಕ್ಕೆಂದು ಆಸ್ಪತ್ರೆಯವರು ಕೊಟ್ಟು ಕಳುಹಿಸುವ ಸಣ್ಣದೊಂದು ಡಬ್ಬಿ.

ಇಂಥ ವಿಷಯವನ್ನು ಸಾಹಿತ್ಯದ ಪತ್ರಿಕೆಯಲ್ಲಿ ಎತ್ತಬಹುದೆ ಎಂದು ಕೆಲವರು ಹುಬ್ಬು ಗಂಟಿಕ್ಕಬಹುದು. ಕಫ, ಮಲ ಎಂಬ ಮಾತುಗಳನ್ನು ಊಟದ ಮನೆಯಲ್ಲಿ ಆಡಬಾರದೆಂಬುದು ಸರಿಯೆ. ಆದರೆ ಎಲ್ಲಿಯೂ ಆಡಬಾರದೆಂಬ ನಿಯಮ ನಮ್ಮ ಹಿರಿಯರಲ್ಲಿ ಇದ್ದಂತೆ ಕಾಣುವುದಿಲ್ಲ. ಹಳೆಯ ವೈದ್ಯರ ಅಷ್ಟಸ್ಥಾನ ಪರೀಕ್ಷೆಯಲ್ಲಿ ನಾಡಿಯದು ಮೊದಲನೆಯ ಸ್ಥಾನ. ಎರಡನೆಯದು ಮೂತ್ರ, ಮೂರನೆಯದು ಮಲ. ನಾಲಗೆ, ಧ್ವನಿ, ಸ್ಪರ್ಶ, ಕಣ್ಣು, ಆಕೃತಿ ಇವೆಲ್ಲ ಆಮೇಲಿನವು. ಕೈ ನೀಡಿ ನಾಡಿಯನ್ನು ತೋರಿಸುವುದರಲ್ಲಿ ನಮಗೆ ನಾಚಿಕೆಯಿಲ್ಲ. ಅದರ ಪಕ್ಕದ ಎರಡು ಸ್ಥಾನಗಳಿಗೆ ಬಂದೊಡನೆ ಮುಖ ತಿರುಗಿಸುತ್ತೇವೆ. ಈ ಮುಖ ತಿರುಗಿಸುವಿಕೆಯ ಬೆಲೆ ಎಷ್ಟೆಂಬುದನ್ನು ನಮ್ಮ ಮನೆತನದಲ್ಲಿ ಎರಡು ಸಲ ಲೆಕ್ಕ ಹಾಕಿ ನೋಡುವ ಸಂದರ್ಭ ಬಂದುದರಿಂದ ಈ ನಾಲ್ಕು ಮಾತುಗಳನ್ನು ಬರೆಯುವ ಧೈರ್ಯ ಮಾಡಿದ್ದೇನೆ.

ಮೊದಲನೆಯದು ನಮ್ಮ ದೊಡ್ಡಪ್ಪನವರ ಸಂಗತಿ. ಚನ್ನಗಿರಿಯಿಂದ ಸೂಳೆಕೆರೆಯ ಕಡೆಗೆ ಹೋಗುವ ದಾರಿಯ ಒಂದು ಹಳ್ಳಿಯಲ್ಲಿ ಅವರ ಮನೆ, ಅಡಿಕೆಯ ತೋಟ. 2011ನೆಯ ಇಸವಿ, ಅಡಿಕೆ ಸುಲಿದು ಬೇಯಿಸುವ ಕಾಲ. ಅವರಿಗೆ ಕೆಮ್ಮು ಹತ್ತಿ ತಿಂಗಳು ಕಳೆದಿತ್ತು. ಒಲೆಯ ಹೊಗೆಯೆಂದು ಕೆಲವು ದಿನ, ಬೀಡಿಯ ದೋಷವೆಂದು ಕೆಲವು ದಿನ, ಹವೆ ಬದಲಾದುದರಿಂದ ಎಂದು ಮತ್ತೆ ಕೆಲವು ದಿನ ನೂಕಿ, ಕಡೆಗೆ ಆಸ್ಪತ್ರೆಗೆ ಹೋದರು. ಎರಡು ವಾರ ಮೀರಿದ ಕೆಮ್ಮಿಗೆ ಕಫಪರೀಕ್ಷೆ ಆಗಬೇಕೆಂಬುದು ಕ್ಷಯನಿವಾರಣೆಯ ನಿಯಮ. ಅಲ್ಲಿಯೇ ಒಂದು ಸಲ ಕಫ ತೆಗೆದುಕೊಂಡರು. ಮರುದಿನ ಬೆಳಗ್ಗೆ ಎದ್ದೊಡನೆ ಬರುವ ಕಫವನ್ನು ತರುವುದಕ್ಕೆ ಮುಚ್ಚಳವುಳ್ಳ ಇನ್ನೊಂದು ಡಬ್ಬಿಯನ್ನು ಕೈಯಲ್ಲಿ ಕೊಟ್ಟರು. ಈ ಎರಡನೆಯದೇ ಮುಖ್ಯವಾದುದು. ಹಗಲಿನಲ್ಲಿ ನಾಲ್ಕು ಜನರ ಮುಂದೆ ಕೆಮ್ಮಿ ಉಗುಳಿದರೆ ಬರುವುದು ಬಹುಮಟ್ಟಿಗೆ ಎಂಜಲು. ರಾತ್ರಿಯೆಲ್ಲ ಎದೆಯಲ್ಲಿ ಕೂಡಿಕೊಂಡ ಕಫದಲ್ಲಿ ರೋಗಾಣು ಸಿಕ್ಕುವ ಸಂಭವ ಹೆಚ್ಚು. ದೊಡ್ಡಪ್ಪನವರು ಆಸ್ಪತ್ರೆಯಲ್ಲಿ ಕೊಟ್ಟುದರಲ್ಲಿ ಏನೂ ಕಾಣಲಿಲ್ಲ. ಮನೆಗೆ ತಂದ ಡಬ್ಬಿ ದನದ ಕೊಟ್ಟಿಗೆಯ ಗೋಡೆಗೂಡಿನಲ್ಲಿ ಹನ್ನೊಂದು ದಿನ ಖಾಲಿಯಾಗಿ ಕುಳಿತಿತ್ತು.

ಅದೇಕೆ ಕುಳಿತಿತ್ತು? ದೊಡ್ಡಪ್ಪನವರು ತಿಳಿಯದವರಲ್ಲ. ಪತ್ರಿಕೆಯನ್ನು ಮೊದಲನೆಯ ಸಾಲಿನಿಂದ ಕೊನೆಯ ಜಾಹೀರಾತಿನ ವರೆಗೆ ಓದುವವರು; ಹತ್ತು ವರ್ಷಗಳ ಅಡಿಕೆಯ ಧಾರಣೆ ಅವರ ನಾಲಗೆಯ ತುದಿಯಲ್ಲಿತ್ತು. ಆದರೆ ಡಬ್ಬಿಯನ್ನು ತುಂಬುವುದಕ್ಕೂ ತಲಪಿಸುವುದಕ್ಕೂ ನಡುವೆ ಎಷ್ಟು ಸಣ್ಣ ಸಣ್ಣ ಗೋಡೆಗಳಿದ್ದುವೆಂಬುದನ್ನು ಅವರೇ ಆಮೇಲೆ ನನಗೆ ಹೇಳಿದರು. ಬೆಳಗಿನ ಮೊದಲ ಬಸ್ಸಿನಲ್ಲಿ ಊರಿನ ಅರ್ಧ ಜನ ಇರುತ್ತಾರೆ. ಕೈಯಲ್ಲಿರುವುದೇನೆಂದು ಯಾರಾದರೂ ಕೇಳದೆ ಇರುವುದಿಲ್ಲ. ಆಸ್ಪತ್ರೆಯ ಕಿಟಕಿಯ ಮುಂದೆ ನಿಂತು ಹೆಸರನ್ನೂ ಕಾರಣವನ್ನೂ ಗಟ್ಟಿಯಾಗಿ ಹೇಳಬೇಕು. ಹಿಂದೆ ನಿಂತಿರುವವನು ಬೀಗರ ಊರಿನವನಾಗಿರಬಹುದು. ಆ ವಸ್ತು ಅಡುಗೆಮನೆ ದೇವರಮನೆಗಳ ಹತ್ತಿರ ಸುಳಿಯಕೂಡದೆಂದು ದೊಡ್ಡಮ್ಮ ಹೇಳಿದ್ದರು. ಕೊಟ್ಟಿಗೆಯೇ ಅದಕ್ಕೆ ಗತಿ. ಕೊಯ್ಲಿನ ಆಳುಗಳನ್ನು ಬಿಟ್ಟು ಒಂದು ಹೊತ್ತು ಹೋಗುವುದೆಂದರೆ ಆ ದಿನದ ಕೆಲಸ ಕೆಟ್ಟಿತು. ಇವೆಲ್ಲಕ್ಕಿಂತ ಮೇಲಾಗಿ ಮೊಮ್ಮಗಳ ಮದುವೆಯ ಮಾತು ನಡೆಯುತ್ತಿತ್ತು; ಕ್ಷಯವೆಂಬ ಮಾತು ಮನೆಯಿಂದ ಹೊರಬಿದ್ದರೆ ಏನಾಗುವುದೋ ಎಂಬ ಭಯ. ‘ಡಬ್ಬಿ ಖಾಲಿ ಇರೋ ತನಕ ನಂಗೆ ರೋಗ ಇರಲಿಲ್ಲ ನೋಡಪ್ಪ’ ಎಂದರು. ಈ ಒಂದು ಮಾತಿನಲ್ಲಿ ಎಷ್ಟೋ ವೈದ್ಯಕೀಯ ವರದಿಗಳಿಗಿಂತ ಹೆಚ್ಚಿನ ಸತ್ಯವಿದೆಯೆಂದು ನನಗೆ ತೋರಿತು.

ಹನ್ನೆರಡನೆಯ ದಿನ ಆ ಊರಿನ ಆಶಾ ಕಾರ್ಯಕರ್ತೆ ಬಂದಳು. ಅವಳು ಅದೇ ಓಣಿಯ ಸೊಸೆ. ದೊಡ್ಡಪ್ಪನವರನ್ನು ಮಾವನೆಂದು ಕರೆಯುವ ಸಲಿಗೆಯುಳ್ಳವಳು. ಅವಳು ಕ್ಷಯರೋಗದ ವಿಚಾರವಾಗಿ ಉಪನ್ಯಾಸ ಮಾಡಲಿಲ್ಲ. ಏಕೆ ತರಲಿಲ್ಲವೆಂದು ಕೇಳಲಿಲ್ಲ. ‘ಮಾವ, ನಾಳೆ ಬೆಳಗ್ಗೆ ಆರೂವರೆಗೆ ಬರ್ತೀನಿ. ಎದ್ದ ಕೂಡ್ಲೆ ಬಾಯಿ ಮುಕ್ಕಳಿಸಿ ಹಿತ್ತಲಿಗೆ ಹೋಗಿ, ಎದೆ ತುಂಬ ಉಸಿರು ತಗೊಂಡು ಕೆಮ್ಮಿ. ಡಬ್ಬಿ ನಾನು ಒಯ್ತೀನಿ. ನೀವು ಬಸ್ಸು ಹತ್ತೋದು ಬ್ಯಾಡ’ ಎಂದಷ್ಟೇ ಹೇಳಿ ಹೋದಳು. ಮರುದಿನ ಹೇಳಿದ ಹೊತ್ತಿಗೆ ಬಂದು, ತನ್ನ ದಾಖಲೆ ಪುಸ್ತಕಗಳಿದ್ದ ಬಟ್ಟೆಯ ಚೀಲದಲ್ಲಿ ಅದನ್ನು ಕಟ್ಟಿಕೊಂಡು ಹೋದಳು. ನೋಡಿದವರಿಗೆ ಅವಳು ಎಂದಿನಂತೆ ಯಾರದೋ ಬಾಣಂತಿಯನ್ನು ನೋಡಲು ಹೊರಟಂತೆ ಕಂಡಿತು. ಎರಡು ದಿನಗಳಲ್ಲಿ ರೋಗ ಕ್ಷಯವೆಂದು ನಿಶ್ಚಯವಾಯಿತು. ಆರು ತಿಂಗಳು ಔಷಧ ನಡೆಯಿತು. ಮರುವರ್ಷದ ಕೊಯ್ಲಿಗೆ ದೊಡ್ಡಪ್ಪನವರು ತೋಟದಲ್ಲಿ ನಿಂತು ಆಳುಗಳನ್ನು ಎಂದಿನಂತೆ ಗದರಿಸುತ್ತಿದ್ದರು. ಮೊಮ್ಮಗಳ ಮದುವೆಯೂ ಆಯಿತು. ಬೀಗರು ಈ ವಿಚಾರವನ್ನು ಕೇಳಲೂ ಇಲ್ಲ.

ಹಳ್ಳಿಯವರಿಗೆ ತಿಳಿವಳಿಕೆ ಸಾಲದು, ಆದ್ದರಿಂದ ಆಸ್ಪತ್ರೆಯ ಕೆಲಸ ಸಾಗುವುದಿಲ್ಲವೆಂಬುದು ಪಟ್ಟಣದವರು ಆಗಾಗ ಹೇಳುವ ಮಾತು. ಈ ಮಾತನ್ನು ನಮ್ಮ ನಾಡಿನಲ್ಲಿಯೇ ಒರೆಗೆ ಹಚ್ಚಿ ನೋಡಿದ್ದಾರೆ. ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ 1959ರಲ್ಲಿ ಆರಂಭವಾಯಿತು. ಅಲ್ಲಿದ್ದ ದೇಬಬರ್ ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ಎಂಬ ಇಬ್ಬರು ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಕ್ಷಯರೋಗಿಗಳನ್ನು ಮನೆಮನೆಗೆ ಹೋಗಿ ವಿಚಾರಿಸಿ, 1963ರಲ್ಲಿ ತಮ್ಮ ಲೇಖನವನ್ನು ಪ್ರಕಟಿಸಿದರು. ರೋಗಿಗಳಲ್ಲಿ ಬಹುಮಂದಿಗೆ ತಮ್ಮ ದೇಹದಲ್ಲಿ ಏನೋ ಕೆಟ್ಟಿದೆಯೆಂಬ ಅರಿವು ಇದ್ದೇ ಇತ್ತು; ಸುಮಾರು ಅರ್ಧದಷ್ಟು ಮಂದಿ ಯಾರೂ ಕರೆಯದಿದ್ದರೂ ತಾವಾಗಿಯೇ ಆಸ್ಪತ್ರೆಗಳಿಗೆ ಹೋಗಿದ್ದರು; ಹೋದವರಿಗೆ ಸಿಕ್ಕಿದ್ದುದು ಹೆಚ್ಚಾಗಿ ಕೆಮ್ಮಿನ ಔಷಧದ ಒಂದು ಸೀಸೆ. ಅಂದರೆ ಜನ ಬಾಗಿಲ ವರೆಗೆ ನಡೆದುಬಂದಿದ್ದರು. ಬಾಗಿಲು ಅವರನ್ನು ಗುರುತಿಸಲಿಲ್ಲ. ಭಾರತದ ಕ್ಷಯನಿವಾರಣೆಯ ಕಾರ್ಯಕ್ರಮವನ್ನು ದೂರದ ವಿಶೇಷ ಆಸ್ಪತ್ರೆಗಳಿಗೆ ಬಿಡದೆ ಸಾಮಾನ್ಯ ಆಸ್ಪತ್ರೆಗಳ ಮೂಲಕವೇ ನಡೆಸಬೇಕೆಂಬ ವಿಚಾರಕ್ಕೆ ಈ ಬಗೆಯ ಅಧ್ಯಯನಗಳಿಂದ ಬಲ ಬಂದಿತು. ತುಮಕೂರಿನ ಪಾಠವನ್ನು ನಮ್ಮ ಡಬ್ಬಿಗೂ ಹೊಂದಿಸಬಹುದು. ಅದು ಹಿಂದಿರುಗದಿದ್ದರೆ ಮೊದಲು ವಿಚಾರಿಸಬೇಕಾದುದು ತೆಗೆದುಕೊಂಡವನ ಬುದ್ಧಿಯನ್ನಲ್ಲ, ಹಿಂದಿರುಗುವ ದಾರಿಯನ್ನು.

ದಾರಿಯನ್ನು ಸುಗಮ ಮಾಡುವುದಕ್ಕೆ ಮೊದಲ ಉಪಾಯ ಅದನ್ನು ಮೊಟಕುಗೊಳಿಸುವುದು. ಬಹುಕಾಲದ ವರೆಗೆ ನಮ್ಮಲ್ಲಿ ಕಫವನ್ನು ಮೂರು ಸಲ ಪರೀಕ್ಷಿಸುತ್ತಿದ್ದರು: ಬಂದ ದಿನ ಒಂದು, ಮರುದಿನ ಮನೆಯಿಂದ ತಂದದ್ದು ಒಂದು, ಆಗಲೇ ಅಲ್ಲಿ ಮತ್ತೊಂದು. ಮೂರನೆಯದರಿಂದ ಹೊಸದಾಗಿ ತಿಳಿಯುವುದು ಬಹು ಸ್ವಲ್ಪವೆಂದು ಕಂಡುದರಿಂದ 2009ರಲ್ಲಿ ಅದನ್ನು ಎರಡಕ್ಕೆ ಇಳಿಸಿದರು. ವೈದ್ಯರ ಲೆಕ್ಕದಲ್ಲಿ ಇದು ಒಂದು ಗಾಜಿನ ಪಟ್ಟಿಯ ಉಳಿತಾಯ. ರೋಗಿಯ ಲೆಕ್ಕದಲ್ಲಿ ಒಂದು ಗಳಿಗೆಯ ಸಂಕೋಚದ ಉಳಿತಾಯ. ಎರಡನೆಯ ಲೆಕ್ಕವನ್ನು ಬರೆದಿಡುವ ಪುಸ್ತಕ ಯಾವ ಆಸ್ಪತ್ರೆಯಲ್ಲಿಯೂ ಇರುವುದಿಲ್ಲ.

ನಮ್ಮ ಮನೆತನದ ಎರಡನೆಯ ಸಂಗತಿ ನಡೆದುದು ಇಂಗ್ಲೆಂಡಿನಲ್ಲಿ. ನಮ್ಮ ಅಕ್ಕ ಮತ್ತು ಭಾವ ಅಲ್ಲಿ ಬಹುಕಾಲದಿಂದ ನೆಲೆಸಿದ್ದರು. ಅಲ್ಲಿಯದು ಕಫವಲ್ಲ, ಮಲದ ಪರೀಕ್ಷೆ. ರೋಗ ಕ್ಷಯವಲ್ಲ, ದೊಡ್ಡ ಕರುಳಿನ ಕ್ಯಾನ್ಸರ್. 2006ರಿಂದ ಆ ದೇಶದ ಸರ್ಕಾರ ಅರುವತ್ತು ತುಂಬಿದ ಪ್ರತಿಯೊಬ್ಬರಿಗೂ ಎರಡು ವರುಷಕ್ಕೊಮ್ಮೆ ಪರೀಕ್ಷೆಯ ಸಣ್ಣ ಕಟ್ಟೊಂದನ್ನು ಅಂಚೆಯಲ್ಲಿ ಕಳುಹಿಸುವ ಏರ್ಪಾಡನ್ನು ಆರಂಭಿಸಿತು. 2021ರಿಂದ ವಯಸ್ಸನ್ನು ಹಂತಹಂತವಾಗಿ ಐವತ್ತಕ್ಕೆ ಇಳಿಸಿದರು. ಹಣ ಕೊಡಬೇಕಾಗಿಲ್ಲ, ಆಸ್ಪತ್ರೆಗೆ ಹೋಗಬೇಕಾಗಿಲ್ಲ, ಮರುಟಪ್ಪಾಲಿನ ಖರ್ಚೂ ಇಲ್ಲ. ಬಸ್ಸಿನ ಗೋಡೆ, ಕಿಟಕಿಯ ಗೋಡೆ, ಕೂಲಿಯ ಗೋಡೆ ಎಲ್ಲವನ್ನೂ ಅಲ್ಲಿ ಕೆಡವಿದ್ದಾರೆಂದೇ ಹೇಳಬಹುದು. ಆದರೂ ಉಳಿದುಕೊಂಡದ್ದೊಂದು ಇತ್ತು.

ಈ ಪರೀಕ್ಷೆಯ ತತ್ತ್ವವನ್ನು ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ದೊಡ್ಡ ಕರುಳಿನ ಒಳಗೋಡೆಯಲ್ಲಿ ಕೆಲವರಿಗೆ ವಯಸ್ಸಾದಂತೆ ಸಣ್ಣ ಮಾಂಸದ ಕುಡಿಗಳು ಮೂಡುತ್ತವೆ. ಬಹಳಷ್ಟು ನಿರುಪದ್ರವಿಗಳು, ಕೆಲವು ಮಾತ್ರ ಮೆಲ್ಲಮೆಲ್ಲನೆ, ಸಾಮಾನ್ಯವಾಗಿ ಹತ್ತು ವರುಷಗಳಷ್ಟು ಕಾಲದಲ್ಲಿ, ಕ್ಯಾನ್ಸರ್ ಆಗುತ್ತವೆ. ಅವು ಆಗಾಗ ಕಣ್ಣಿಗೆ ಕಾಣದಷ್ಟು ರಕ್ತವನ್ನು ಸ್ರವಿಸುತ್ತವೆ. ಆ ರಕ್ತದ ಲೇಶವನ್ನು ಮಲದಲ್ಲಿ ಕಂಡುಹಿಡಿಯುವುದೇ ಪರೀಕ್ಷೆ. ಸಿಕ್ಕಿದರೆ ರೋಗವೇ ಇದೆಯೆಂದು ಅರ್ಥವಲ್ಲ. ನಳಿಕೆಯ ಮೂಲಕ ಕರುಳಿನ ಒಳಗನ್ನು ನೋಡಬೇಕೆಂದು ಅರ್ಥ. ಹಾಗೆ ನೋಡುವಾಗಲೇ ಕುಡಿಯನ್ನು ಕತ್ತರಿಸಿ ತೆಗೆಯಬಹುದು. ಆಗ ಮುಂದೆ ಬರಬಹುದಾದ ರೋಗ ಬಾರದೆಯೇ ಹೋಗುತ್ತದೆ. ಮೊದಲ ಹಂತದಲ್ಲಿ ಸಿಕ್ಕಿದವರಲ್ಲಿ ಹತ್ತರಲ್ಲಿ ಒಂಬತ್ತಕ್ಕಿಂತ ಹೆಚ್ಚು ಮಂದಿ ಐದು ವರುಷಗಳ ಆಚೆಗೂ ಬದುಕುತ್ತಾರೆ. ದೇಹದ ಇತರ ಭಾಗಗಳಿಗೆ ಹರಡಿದ ಮೇಲೆ ಸಿಕ್ಕಿದವರಲ್ಲಿ ಹತ್ತರಲ್ಲಿ ಒಬ್ಬರು ಉಳಿದರೆ ಹೆಚ್ಚು. ಮುಖ್ಯವಾದ ಮಾತೆಂದರೆ, ಈ ಪರೀಕ್ಷೆ ಇರುವುದು ಏನೂ ತೊಂದರೆಯಿಲ್ಲದವರಿಗಾಗಿ.

ಈ ಕೊನೆಯ ಮಾತೇ ನಮ್ಮ ಭಾವನವರಿಗೆ ಒಪ್ಪಿಗೆಯಾಗಲಿಲ್ಲ. 2013ರಲ್ಲಿ ಅವರಿಗೆ ಅರುವತ್ತಾದಾಗ ಮೊದಲನೆಯ ಕಟ್ಟು ಬಂದಿತು. ಅವರು ಯಂತ್ರಶಾಸ್ತ್ರದಲ್ಲಿ ಪಳಗಿದವರು. ಮೋಟಾರು ಗಾಡಿಯನ್ನು ವರುಷಕ್ಕೊಮ್ಮೆ ತಪ್ಪದೆ ಪರೀಕ್ಷೆಗೆ ಕೊಂಡುಹೋಗುವವರು. ‘ನನಗೇನೂ ಆಗಿಲ್ಲವಲ್ಲ’ ಎಂದು ಕಟ್ಟನ್ನು ಮೇಜಿನ ಖಾನೆಯಲ್ಲಿಟ್ಟರು. ಆ ಕಾಲದ ಕಟ್ಟು ಸುಲಭದ್ದೂ ಆಗಿರಲಿಲ್ಲ. ಬೇರೆ ಬೇರೆ ಮೂರು ಸಲದ ಮಲದಿಂದ, ಸಲಕ್ಕೆ ಎರಡರಂತೆ, ರಟ್ಟಿನ ಕಡ್ಡಿಯಲ್ಲಿ ತೆಗೆದು ಕಾಗದದ ಆರು ಕಿಟಕಿಗಳಿಗೆ ಸವರಿ, ಆ ಕಾಗದವನ್ನು ಹದಿನಾಲ್ಕು ದಿನಗಳ ಗಡುವಿನೊಳಗೆ ಮನೆಯಲ್ಲಿಯೇ ಜೋಪಾನ ಮಾಡಿಟ್ಟು ಕಳುಹಿಸಬೇಕಾಗಿತ್ತು. ನಿತ್ಯವೂ ಸ್ನಾನವಾಗದೆ ಒಲೆ ಮುಟ್ಟದ ಮನೆಯಲ್ಲಿ ಬೆಳೆದವರು ಅದನ್ನು ಎಲ್ಲಿ ಜೋಪಾನ ಮಾಡಬೇಕು? ಎರಡು ವರುಷಕ್ಕೊಮ್ಮೆ ಕಟ್ಟು ಬಂದಿತು, ಜ್ಞಾಪನದ ಕಾಗದವೂ ಬಂದಿತು. ಎಲ್ಲವೂ ಅದೇ ಖಾನೆಯನ್ನು ಸೇರಿದುವು. ಅಕ್ಕನ ಹೆಸರಿಗೆ ಬಂದುದೂ ಮೊದಲು ಅಲ್ಲಿಗೇ ಹೋಯಿತು.

2019ರಲ್ಲಿ ಆ ದೇಶದಲ್ಲಿ ಕಟ್ಟು ಬದಲಾಯಿತು. ಹೊಸದರಲ್ಲಿ ಇದ್ದುದು ಬೆರಳುದ್ದದ ಒಂದು ಸಣ್ಣ ಸೀಸೆ. ಅದರ ಮುಚ್ಚಳಕ್ಕೇ ಅಂಟಿಕೊಂಡ ಒಂದು ಕಡ್ಡಿ. ಒಂದೇ ಸಲ ಮಲಕ್ಕೆ ಕಡ್ಡಿಯನ್ನು ತಾಗಿಸಿ ಒಳಗಿಟ್ಟು ತಿರುಗಿಸಿದರೆ ಕೆಲಸ ಮುಗಿಯಿತು. ಇದು ಮನುಷ್ಯನ ರಕ್ತವನ್ನು ಮಾತ್ರ ಗುರುತಿಸುವುದರಿಂದ ಊಟದ ಪಥ್ಯವೂ ಬೇಕಾಗಿಲ್ಲ. ಅಕ್ಕ ಹೋಗುತ್ತಿದ್ದ ದೇವಸ್ಥಾನದಲ್ಲಿ ಗುಜರಾತಿನ ಹೆಂಗಸೊಬ್ಬರು ಹೂ ಕಟ್ಟುತ್ತ ಕುಳಿತಾಗ, ಸಾರಿನ ಪುಡಿಯ ವಿಚಾರ ಹೇಳುವಷ್ಟೇ ಸಲೀಸಾಗಿ, ‘ನಾನು ಕಳುಹಿಸಿಬಿಟ್ಟೆ, ಐದು ನಿಮಿಷದ ಕೆಲಸ’ ಎಂದರಂತೆ. ಅಕ್ಕ ಆ ವಾರವೇ ತನ್ನದನ್ನು ಕಳುಹಿಸಿದಳು. ಏನೂ ಇಲ್ಲವೆಂದು ಉತ್ತರ ಬಂದಿತು. ಭಾವನವರಿಗೆ ಅಂಥ ಮಾತು ಹೇಳುವವರು ಯಾರೂ ಸಿಕ್ಕಲಿಲ್ಲ. ಗಂಡಸರು ಕೂಡಿದಾಗ ರಾಜಕೀಯವನ್ನು ಮಾತನಾಡುತ್ತಾರೆ, ಕ್ರಿಕೆಟ್ಟನ್ನು ಮಾತನಾಡುತ್ತಾರೆ, ಕರುಳನ್ನು ಮಾತನಾಡುವುದಿಲ್ಲ. 2021ರಲ್ಲಿ ಅವರಿಗೆ ಆಯಾಸವೂ ರಕ್ತಹೀನತೆಯೂ ಕಾಣಿಸಿಕೊಂಡಾಗ ರೋಗ ಯಕೃತ್ತಿಗೆ ಹರಡಿತ್ತು. ಮರುವರುಷ ತೀರಿಕೊಂಡರು. ಖಾನೆಯನ್ನು ತೆರೆದಾಗ ಪಾಸ್‌ಪೋರ್ಟುಗಳ ಕೆಳಗೆ ಒಡೆಯದ ನಾಲ್ಕು ಕಟ್ಟುಗಳು ಒಂದರ ಮೇಲೊಂದು ಅಂದವಾಗಿ ಜೋಡಿಸಿದ್ದುವು.

ಕಟ್ಟನ್ನು ಕಳುಹಿಸಿದ್ದರೆ ಬದುಕುತ್ತಿದ್ದರೆಂದು ಹೇಳುವ ಅಧಿಕಾರ ಯಾರಿಗೂ ಇಲ್ಲ. ಪರೀಕ್ಷೆಯೂ ಕೆಲವು ವೇಳೆ ತಪ್ಪುತ್ತದೆ. ಆದರೆ ನಾಲ್ಕು ಸಲ ಬಾಗಿಲು ತಟ್ಟಿದ ಅವಕಾಶವೊಂದು ನಾಲ್ಕು ಸಲವೂ ಉತ್ತರವಿಲ್ಲದೆ ಹೋಯಿತೆಂಬುದು ನಿಜ. ಅಕ್ಕ ಒಂದು ದಿನ ದೂರವಾಣಿಯಲ್ಲಿ ಹೇಳಿದಳು: ‘ನಲವತ್ತು ವರ್ಷ ಸಂಸಾರ ಮಾಡಿದೆವು. ಸಕ್ಕರೆ ಮುಗಿದರೆ ಹೇಳಿಕೊಂಡೆವು, ಬಾಡಿಗೆ ಹೆಚ್ಚಾದರೆ ಹೇಳಿಕೊಂಡೆವು. ಇದನ್ನು ಮಾತ್ರ ಅವರು ಹೇಳಲಿಲ್ಲ, ನಾನು ಕೇಳಲಿಲ್ಲ.’

ಉಳಿದ ಗೋಡೆ ಇದೇ. ಇದು ನಮ್ಮ ಜನಕ್ಕೆ ಮಾತ್ರ ಮೀಸಲಾದುದೆಂದು ಭಾವಿಸಬೇಕಾಗಿಲ್ಲ. ಇಂಗ್ಲೆಂಡಿನಲ್ಲಿ ಭಾರತ ಪಾಕಿಸ್ತಾನಗಳಿಂದ ಹೋದವರು ಕಟ್ಟನ್ನು ಹಿಂದಿರುಗಿಸುವುದು ಇತರರಿಗಿಂತ ಕಡಮೆಯೆಂದು ಅಲ್ಲಿಯವರು ಕಂಡುಕೊಂಡಿರುವುದು ನಿಜ. ಆದರೆ ಆ ದೇಶದ ಮೂಲನಿವಾಸಿಗಳೂ ಎಲ್ಲರೂ ಹಿಂದಿರುಗಿಸುವವರಲ್ಲ. 2014ರಲ್ಲಿ ಅಲ್ಲಿ ಹಳೆಯ ಕಟ್ಟನ್ನೂ ಹೊಸ ಕಟ್ಟನ್ನೂ ಹೋಲಿಸಿ ನೋಡಿದರು. ಹಳೆಯದನ್ನು ಪಡೆದವರಲ್ಲಿ ನೂರಕ್ಕೆ 59 ಮಂದಿಯೂ ಹೊಸದನ್ನು ಪಡೆದವರಲ್ಲಿ 66 ಮಂದಿಯೂ ಹಿಂದಿರುಗಿಸಿದರು. ಅದಕ್ಕಿಂತ ಮುಂಚೆ ಕಟ್ಟು ಬಂದಿದ್ದರೂ ಕಳುಹಿಸದೆ ಇದ್ದವರಲ್ಲಿ ಈ ಅಂತರ ಇನ್ನೂ ದೊಡ್ಡದು: ಹಳೆಯದಕ್ಕೆ ನೂರಕ್ಕೆ ಸುಮಾರು 12, ಹೊಸದಕ್ಕೆ ಸುಮಾರು 24. ಆರು ಕಿಟಕಿಗಳನ್ನು ಒಂದು ಕಡ್ಡಿಗೆ ಇಳಿಸಿದುದರ ಫಲವಿದು. ಹಟಮಾರಿಗಳೆಂದು ಕೈಬಿಟ್ಟವರಲ್ಲಿ ಕೆಲವರಾದರೂ ಹಟಮಾರಿಗಳಾಗಿರಲಿಲ್ಲ. ಕೆಲಸ ಕಷ್ಟವಾಗಿತ್ತು, ಅಷ್ಟೆ.

ಅಮೆರಿಕದಲ್ಲಿ ಬಡವರಿಗಾಗಿರುವ ಸಮುದಾಯದ ಚಿಕಿತ್ಸಾಲಯಗಳಲ್ಲಿ ನಡೆದ ಪ್ರಯತ್ನ ಇನ್ನೂ ವಿನಯವನ್ನು ಕಲಿಸುತ್ತದೆ. ಆರಿಗನ್ ಮತ್ತು ಕ್ಯಾಲಿಫೋರ್ನಿಯಾ ಪ್ರಾಂತಗಳ 26 ಚಿಕಿತ್ಸಾಲಯಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿನವರು ತಮ್ಮ ರೋಗಿಗಳಿಗೆ ಮೊದಲು ತಿಳಿವಳಿಕೆಯ ಕಾಗದ, ಆಮೇಲೆ ಕಟ್ಟು, ಆಮೇಲೆ ಜ್ಞಾಪನದ ಕಾಗದ ಹೀಗೆ ಕ್ರಮವಾಗಿ ಅಂಚೆಯಲ್ಲಿ ಕಳುಹಿಸುವಂತೆ ಏರ್ಪಡಿಸಿದರು. 2018ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಪರೀಕ್ಷೆ ಪೂರೈಸಿದವರು ಆ ಗುಂಪಿನಲ್ಲಿ ನೂರಕ್ಕೆ 13.9, ಇನ್ನೊಂದರಲ್ಲಿ 10.4. ಹೆಚ್ಚಾದುದು ನಿಜ, ಆದರೆ ಎಷ್ಟು ಅಲ್ಪ! ಕಾಗದ ಕಾಗದವೇ. ಅದು ಬೆಳಗ್ಗೆ ಆರೂವರೆಗೆ ಬಂದು ಬಾಗಿಲಲ್ಲಿ ನಿಂತು ಮಾವ ಎಂದು ಕರೆಯಲಾರದು.

ಈ ವಿಚಾರವನ್ನು ಹಿಂದಿನವರು ಬಲ್ಲವರಾಗಿದ್ದರು. ಅದೇ ಅಮೆರಿಕದ ದಕ್ಷಿಣದ ಹನ್ನೊಂದು ಸಂಸ್ಥಾನಗಳಲ್ಲಿ 1909ರಿಂದ 1914ರ ವರೆಗೆ ರಾಕ್‌ಫೆಲರನ ಹಣದಿಂದ ಕೊಕ್ಕೆಹುಳುವಿನ ಮೇಲೆ ದೊಡ್ಡ ಹೋರಾಟ ನಡೆಯಿತು. ಅಲ್ಲಿಯೂ ಸಣ್ಣ ತಗಡಿನ ಡಬ್ಬಿ, ಅಲ್ಲಿಯೂ ಮಲಪರೀಕ್ಷೆ. ಆದರೆ ಕೆಲಸ ಮಾಡಿದವರು ನಿಶ್ಚಿತವಾದ ದಿನ ನಿಶ್ಚಿತವಾದ ಊರಿನಲ್ಲಿ ಡೇರೆ ಹಾಕಿ, ಬಂದ ರೈತರಿಗೆ ಸೂಕ್ಷ್ಮದರ್ಶಕದಲ್ಲಿ ಹುಳುವಿನ ಮೊಟ್ಟೆಗಳನ್ನು ಕಣ್ಣಾರೆ ತೋರಿಸುತ್ತಿದ್ದರು. ಜನ ಹೆಂಡಿರು ಮಕ್ಕಳೊಡನೆ ಬುತ್ತಿ ಕಟ್ಟಿಕೊಂಡು ಜಾತ್ರೆಗೆ ಬಂದಂತೆ ಬಂದರು. ಎಲ್ಲರೂ ಡಬ್ಬಿ ಹಿಡಿದಿರುವ ಕಡೆಯಲ್ಲಿ ಡಬ್ಬಿ ಹಿಡಿದವನಿಗೆ ನಾಚಿಕೆಯಿಲ್ಲ. 1920ರ ದಶಕದ ಕೊನೆಯ ಹೊತ್ತಿಗೆ ನಮ್ಮ ಮೈಸೂರು ಸಂಸ್ಥಾನದ ಸರ್ಕಾರವೂ ಆ ಪ್ರತಿಷ್ಠಾನದ ನೆರವಿನಿಂದ ಗ್ರಾಮಾರೋಗ್ಯದ ಕೆಲಸಕ್ಕೆ ಕೈಹಾಕಿತು. ಮಂಡ್ಯದ ಆರೋಗ್ಯ ಕೇಂದ್ರ ಆ ಪ್ರಯತ್ನದ ಫಲ. ಮನೆಗೆ ಹೋಗಿ ಮಾತನಾಡುವ ಕಾರ್ಯಕರ್ತರಿಲ್ಲದೆ ಹಳ್ಳಿಯ ಆರೋಗ್ಯ ಸಾಗದೆಂಬುದು ನಮ್ಮ ನಾಡಿಗೆ ಅಂದಿನಿಂದ ಬಂದ ಅರಿವು.

ಹಾಗಾದರೆ ಕರುಳಿನ ಪರೀಕ್ಷೆಯ ಈ ಕಟ್ಟನ್ನು ಚನ್ನಗಿರಿಯ ಮನೆಮನೆಗೂ ಹಂಚಬೇಕೆ? ನನಗೆ ಹಾಗೆ ತೋರುವುದಿಲ್ಲ. ಈ ಕ್ಯಾನ್ಸರ್ ಪಾಶ್ಚಾತ್ಯ ದೇಶಗಳಲ್ಲಿ ಇರುವಷ್ಟು ನಮ್ಮಲ್ಲಿ ಇಲ್ಲ. ಭಾರತ ಸರ್ಕಾರ 2016ರಲ್ಲಿ ಗೊತ್ತುಮಾಡಿದ ಕ್ರಮದಲ್ಲಿ ಮೂವತ್ತು ಮೀರಿದವರಿಗೆ ಬಾಯಿ, ಸ್ತನ, ಗರ್ಭಕೊರಳು ಈ ಮೂರರ ಪರೀಕ್ಷೆ ಮಾತ್ರ ಸೇರಿದೆ. ಅಡಿಕೆ ಬೆಳೆದು, ಅಡಿಕೆಯನ್ನೂ ಹೊಗೆಸೊಪ್ಪನ್ನೂ ಜೊತೆಯಾಗಿ ಅಗಿಯುವ ನಮ್ಮ ತಾಲ್ಲೂಕಿನಲ್ಲಿ ಮೊದಲು ಬಾಯಿ ತೆರೆದು ತೋರಿಸುವುದೇ ದೊಡ್ಡ ಕೆಲಸ. ಅಲ್ಲದೆ ಕಟ್ಟನ್ನು ಹಂಚಿ, ರಕ್ತ ಕಂಡವನಿಗೆ ಮುಂದೆ ಎಲ್ಲಿ ಹೋಗಬೇಕು, ಯಾರ ಖರ್ಚಿನಲ್ಲಿ ಹೋಗಬೇಕು ಎಂಬುದನ್ನು ಏರ್ಪಡಿಸದಿದ್ದರೆ, ಅದು ಉಪಕಾರವಲ್ಲ, ಕ್ರೌರ್ಯ. ದಾವಣಗೆರೆಗೋ ಶಿವಮೊಗ್ಗಕ್ಕೋ ಹೋಗಿ ನಳಿಕೆಯ ಪರೀಕ್ಷೆ ಮಾಡಿಸುವುದು ಕೂಲಿಯವನಿಗೆ ಸಣ್ಣ ಮಾತಲ್ಲ. ಆದರೆ ನಮ್ಮ ಮಕ್ಕಳು ಬೆಂಗಳೂರಿನಲ್ಲಿಯೂ ಸಮುದ್ರದ ಆಚೆಯಲ್ಲಿಯೂ ಇದ್ದಾರೆ. ಅವರ ಮನೆಗಳಿಗೆ ಈ ಕಟ್ಟು ಬರುತ್ತದೆ. ನಮ್ಮ ಆಸ್ಪತ್ರೆಗಳಲ್ಲಿ ಕಫದ ಡಬ್ಬಿ ಇಂದಿಗೂ ಇದ್ದೇ ಇದೆ. ಬೇರೆ ಬೇರೆ ಪರೀಕ್ಷೆಗಳ ಡಬ್ಬಿಗಳು ಮುಂದೆಯೂ ಬರುತ್ತವೆ. ಹೆಸರು ಯಾವುದಾದರೂ ಹಿಂದಿರುಗುವ ದಾರಿ ಒಂದೇ.

ಆ ದಾರಿಯ ವಿಚಾರವಾಗಿ, ಎರಡು ಸಾವುಬದುಕುಗಳ ಹತ್ತಿರ ನಿಂತು ನೋಡಿದವನಾಗಿ, ಕೆಲವು ಸೂಚನೆಗಳನ್ನು ಮುಂದಿಡುತ್ತೇನೆ. ಡಬ್ಬಿಯನ್ನು ಕೊಡುವಾಗಲೇ ಅದನ್ನು ತೆಗೆದುಕೊಂಡು ಹೋಗುವ ದಿನವನ್ನೂ ಹೊತ್ತನ್ನೂ ಹೇಳಬೇಕು. ‘ಯಾವಾಗಲಾದರೂ ತನ್ನಿ’ ಎಂಬುದಕ್ಕೆ ನಮ್ಮ ಭಾಷೆಯಲ್ಲಿ ‘ತರಬೇಡಿ’ ಎಂದೇ ಅರ್ಥ. ಒಳಗಿರುವುದು ಕಾಣದಂಥ ಚೀಲವೊಂದನ್ನು ಜೊತೆಗೆ ಕೊಡಬೇಕು. ಆಸ್ಪತ್ರೆಯಲ್ಲಿ ಹೆಸರು ಕೂಗದೆ ಇಟ್ಟುಹೋಗುವ ಒಂದು ಪೆಟ್ಟಿಗೆ ಇರಬೇಕು. ಸೂಚನೆಯ ಚಿತ್ರಗಳು ನಮ್ಮ ಮನೆಗಳನ್ನು ಬಲ್ಲವರು ಬರೆದ ಚಿತ್ರಗಳಾಗಿರಬೇಕು: ಕುರ್ಚಿಯಂಥ ಶೌಚಪೀಠದ ಚಿತ್ರವನ್ನು ನೋಡಿ, ಕುಕ್ಕರುಗಾಲಿನಲ್ಲಿ ಕುಳಿತು ನೀರು ಬಳಸುವ ಮುದುಕ ಏನು ತಿಳಿಯಬೇಕು? ನೀರು ಸೋಂಕದಂತೆ ಹಳೆಯ ಪತ್ರಿಕೆಯ ಹಾಳೆಯನ್ನು ಹಾಸಿ ಅದರ ಮೇಲಿಂದ ತೆಗೆಯಬಹುದೆಂದು ಒಂದು ಮಾತು ಹೇಳಿದರೆ ಅರ್ಧ ಗೊಂದಲ ಮುಗಿಯುತ್ತದೆ. ನಮ್ಮ ಬೇಸಗೆಯ ಸೆಕೆಯಲ್ಲಿ ಮಲದೊಳಗಿನ ರಕ್ತದ ಲೇಶ ಬೇಗ ಕೆಡುವುದರಿಂದ, ತುಂಬಿದ್ದನ್ನು ತಡಮಾಡದೆ ಕಳುಹಿಸಬೇಕೆಂಬುದನ್ನೂ ಕಾರಣಸಹಿತ ಹೇಳಬೇಕು. ಇನ್ನೊಂದು: ಏನೂ ಇಲ್ಲವೆಂಬ ಫಲವನ್ನೂ ತಪ್ಪದೆ ತಿಳಿಸಬೇಕು. ಸಂಕೋಚವನ್ನು ನುಂಗಿ ಡಬ್ಬಿ ಕೊಟ್ಟವನಿಗೆ ಉತ್ತರವೇ ಬಾರದಿದ್ದರೆ ಮುಂದಿನ ಸಲ ಅವನು ಕೊಡುವುದಿಲ್ಲ. ತನ್ನ ನೆರೆಯವನಿಗೂ ಕೊಡಬೇಡವೆನ್ನುತ್ತಾನೆ. ಎಲ್ಲಕ್ಕಿಂತ ಮಿಗಿಲಾಗಿ, ಈ ಕೆಲಸಕ್ಕೆ ಓಣಿಯ ಗುರುತಿರುವ ಮನುಷ್ಯರು ಬೇಕು. 2005ರಿಂದ ಹಳ್ಳಿಹಳ್ಳಿಯಲ್ಲಿ ನಡೆದಾಡುತ್ತಿರುವ ಆಶಾ ಕಾರ್ಯಕರ್ತೆಯರಿಗೆ ನಾವು ಕೊಡುವ ಗೌರವ ಧನ ಎಷ್ಟು, ಗೌರವ ಎಷ್ಟು ಎಂಬುದನ್ನು ನಾಗರಿಕರು ತಾವೇ ಯೋಚಿಸಿಕೊಳ್ಳಲಿ.

ಮನೆಯವರು ಮಾಡಬಹುದಾದ ಕೆಲಸವೂ ಉಂಟು. ನಮ್ಮ ಕಡೆಯಲ್ಲಿ ಮಲದಲ್ಲಿ ರಕ್ತ ಕಂಡರೆ ಅದಕ್ಕೆ ಒಂದೇ ಹೆಸರು: ಮೂಲವ್ಯಾಧಿ. ರೋಗಿಯೇ ಹೆಸರಿಟ್ಟು, ರೋಗಿಯೇ ಪಥ್ಯ ಹಿಡಿದು, ಗೋಡೆಯ ಮೇಲಿನ ಬರಹವನ್ನು ನೋಡಿ ಗುಟ್ಟಾಗಿ ಔಷಧ ತರಿಸುವುದು ವಾಡಿಕೆ. ಹೆಚ್ಚು ವೇಳೆ ಅದು ಮೂಲವ್ಯಾಧಿಯೇ ಆಗಿರಬಹುದು. ಆದರೆ ಯಾವಾಗಲೂ ಅಲ್ಲ. ಕಣ್ಣಿಗೆ ರಕ್ತ ಕಂಡವರು, ಕಾರಣವಿಲ್ಲದೆ ತೂಕ ಇಳಿದವರು, ಮಲಪ್ರವೃತ್ತಿ ವಾರಗಟ್ಟಲೆ ಬದಲಾದವರು ಡಬ್ಬಿಗಾಗಿ ಕಾಯದೆ ನೇರವಾಗಿ ವೈದ್ಯರ ಬಳಿಗೆ ಹೋಗಬೇಕು. ಏನೂ ಕಾಣದವರ ಮನೆಗೆ ಡಬ್ಬಿ ಬಂದರೆ ಅದನ್ನು ಖಾನೆಯಲ್ಲಿ ಇಡಬಾರದು. ಖಾನೆ ಮರೆಯುವ ಸ್ಥಳ. ಬಚ್ಚಲ ಮನೆಯ ಗೂಡಿನಲ್ಲಿ, ಹಲ್ಲುಪುಡಿಯ ಪಕ್ಕದಲ್ಲಿ ಇಟ್ಟರೆ ದಿನವೂ ಕಣ್ಣಿಗೆ ಬೀಳುತ್ತದೆ. ಗಂಡನದನ್ನು ಹೆಂಡತಿ ಕೇಳಬೇಕು, ಹೆಂಡತಿಯದನ್ನು ಗಂಡ ಕೇಳಬೇಕು. ತಂದೆಯದನ್ನು ಮಗ ಕೇಳುವುದು ಅವಿಧೇಯತೆಯೆಂದು ಯಾರೂ ಭಾವಿಸಬೇಕಾಗಿಲ್ಲ.

ಮಡಿಯೆಂಬುದು ಶುಚಿಗಾಗಿ ಹುಟ್ಟಿದ ಮಾತು, ಶುಚಿಯಾದರೋ ಆರೋಗ್ಯಕ್ಕಾಗಿ. ಹೇಸಿಗೆಯ ಹೆಸರಿನಲ್ಲಿ ಆರೋಗ್ಯವನ್ನೇ ಹೊರಗಿಟ್ಟರೆ ಮಡಿ ತನ್ನ ಉದ್ದೇಶವನ್ನೇ ಮರೆತಂತಾಯಿತು. ನಮ್ಮ ತಾಯಂದಿರು ಕೂಸಿನ ಹೇಲಿನ ಬಣ್ಣವನ್ನು ನೋಡಿ ಅದರ ಹೊಟ್ಟೆಯ ಸ್ಥಿತಿಯನ್ನು ಹೇಳುತ್ತಿದ್ದರು. ಅವರಿಗೆ ಅದರಲ್ಲಿ ಹೇಸಿಗೆ ಕಾಣಲಿಲ್ಲ, ಪ್ರೀತಿ ಇದ್ದಲ್ಲಿ ಹೇಸಿಗೆ ನಿಲ್ಲುವುದಿಲ್ಲ. ಮಗುವಿನ ವಿಷಯದಲ್ಲಿ ಸಾಧ್ಯವಾದುದು ಮನೆಯ ಹಿರಿಯರ ವಿಷಯದಲ್ಲಿ, ನಮ್ಮ ನಮ್ಮ ವಿಷಯದಲ್ಲಿಯೂ ಸಾಧ್ಯವಾಗಬೇಕು. ಈ ಪತ್ರಿಕೆಯನ್ನು ಕೆಳಗಿಟ್ಟ ಮೇಲೆ ವಾಚಕರು ಮನೆಯಲ್ಲಿ ಒಬ್ಬರನ್ನಾದರೂ ಈ ವಿಚಾರವಾಗಿ ಒಂದು ಮಾತು ಕೇಳಿದರೆ, ನಾನು ಸಂಕೋಚವನ್ನು ಬಿಟ್ಟು ಬರೆದುದು ಸಾರ್ಥಕವಾದೀತು.